ಐದು ಪರ್ಸೆಂಟ್ ಅಂತ ತಳ್ಳಿಹಾಕಬೇಡಿ

ಓದುಗರ ಪತ್ರ: ಕಾದ ಲೋಹದ ಹೊಳಪಿನಿಂದ ಕರೆಂಟ್ ತೆಗೆಯುವ ಪುಟ್ಟ ಯಂತ್ರವನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಇಂಧನದಲ್ಲಿ ಐದು ಪರ್ಸೆಂಟ್ ಮಾತ್ರ ಕರೆಂಟ್ ಆಗುವುದಾದರೆ ಅದು ಯಾಕೆ ಬೇಕು? ಬ್ಯಾಟರಿ ಸಾಲದೇ?

ಸಂಪಾದಕರ ಉತ್ತರ: ಲೆಕ್ಕ ಹಿಡಿದು ಕೇಳುವ ನಿಮ್ಮಂಥ ಓದುಗರು ಅಪರೂಪ, ಪತ್ರ ಓದಿ ಖುಷಿಯಾಯಿತು. ಆದರೆ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟಿರಲ್ಲ!

ಬ್ಯಾಟರಿ ಒಳ್ಳೆಯದೇ. ಸದ್ದಿಲ್ಲ, ಹೊಗೆಯಿಲ್ಲ, ಹತ್ತಿರ ಪ್ಲಗ್ ಇದ್ದರೆ ಬೇರೇನೂ ಬೇಡ. ಪ್ಲಗ್ಗೇ ಇಲ್ಲದ ಕಡೆ ದಿನಗಟ್ಟಲೆ ಇರಬೇಕು, ಎಲ್ಲವನ್ನೂ ಬೆನ್ನ ಮೇಲೆ ಹೊರಬೇಕು ಅಂದಾಗ? ಒಂದು ಕೆಜಿ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 250 ವ್ಯಾಟ್ ಅವರ್ ಇರುತ್ತದೆ, ಅಂದರೆ 1 ವ್ಯಾಟಿನಂತೆ 250 ಗಂಟೆ. ಯಂತ್ರದಲ್ಲಿ ಉರಿಸುವ ಒಂದು ಕೆಜಿ ಪ್ರೊಪೇನ್ ಗ್ಯಾಸ್‌ನಲ್ಲಿ 12,000ಕ್ಕೂ ಜಾಸ್ತಿ. ನೀವು ಬೈದ ಆ ಐದು ಪರ್ಸೆಂಟ್ ಅಂದರೆ 600! ಯಂತ್ರದ ತೂಕ, ಸಿಲಿಂಡರಿನ ತೂಕ ಸೇರಿಸಬೇಕು, ನಿಜ. ಆದರೆ ಯಂತ್ರ ಒಂದೇ ಸಾಕು, ದಿನ ಹೆಚ್ಚಿದ ಹಾಗೆ ಗ್ಯಾಸ್ ಅಷ್ಟೇ ಹೆಚ್ಚುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. 1956ರಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲಿಂಕನ್ ಲ್ಯಾಬೊರೇಟರಿಯ ಹೆನ್ರಿ ಕೋಲ್ಮ್ ಲಾಂದ್ರದ ಮ್ಯಾಂಟಲ್ (ಕಾದು ಬೆಳಗುವ ಬಲೆ) ಎದುರು ಬೆಳಕನ್ನು ಕರೆಂಟ್ ಮಾಡುವ ಸಿಲಿಕಾನ್ ಸೆಲ್ ಇಟ್ಟು ಸುಮಾರು 1 ವ್ಯಾಟ್ ತೆಗೆದರು. ಆಮೇಲೆ ಎಂಐಟಿಯಲ್ಲೇ ಅಂಗಿಯ ಗುಂಡಿಯಷ್ಟು ಪುಟ್ಟ ಒಲೆ ಮಾಡಿದರು. ಅದರಲ್ಲಿ ಜ್ವಾಲೆ ಇಲ್ಲ. ಒಳಗಿನ ಸಣ್ಣ ಕಾಲುವೆಗಳಲ್ಲಿ ಪ್ಲಾಟಿನಂ ಸವರಿರುತ್ತಾರೆ, ಗ್ಯಾಸ್ ಅಲ್ಲೇ ಉರಿದು ಲೋಹ ಕೆಂಪಗೆ ಕಾಯುತ್ತದೆ. ಆ ಹೊಳಪಿನಲ್ಲಿ ಕಣ್ಣಿಗೆ ಕಾಣುವುದು ಚೂರೇ ಚೂರು, ಮಿಕ್ಕಿದ್ದೆಲ್ಲ ಅದಕ್ಕಿಂತ ಉದ್ದ ಅಲೆಯ ಇನ್‌ಫ್ರಾರೆಡ್. ಸಿಲಿಕಾನ್ ಸೆಲ್ ಅಲೆಯ ಉದ್ದ ಸುಮಾರು 1.1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಾಟಿದರೇ ಕೈಚೆಲ್ಲುತ್ತದೆ, ಗ್ಯಾಲಿಯಂ ಆಂಟಿಮೊನೈಡ್ ಸೆಲ್ 1.7ರ ತನಕ ಹಿಡಿಯುತ್ತದೆ. ಸೆಲ್ಲಿಗೆ ದಕ್ಕದ ಕಿರಣವನ್ನು ಹಿಂದೆ ಕನ್ನಡಿ ಇಟ್ಟು ಕಾದ ಲೋಹಕ್ಕೇ ವಾಪಸ್ ಕಳಿಸಬಹುದು, ಅದು ಮತ್ತೆ ಕಾವಾಗುತ್ತದೆ. ಬಿಸಿಲಿಗಿಟ್ಟ ಪ್ಯಾನೆಲ್‌ಗೆ ಈ ಅನುಕೂಲ ಇಲ್ಲ, ಅಲ್ವಾ?

2022ರಲ್ಲಿ 2,400 ಡಿಗ್ರಿ ಕಾವಿನ ಎದುರು ಇಂಥದೊಂದು ಸೆಲ್ ತಾನು ಹೀರಿದ ಕಾವಿನಲ್ಲಿ 41.1 ಪರ್ಸೆಂಟನ್ನು ಕರೆಂಟ್ ಮಾಡಿತು. ದೊಡ್ಡ ಸಾಧನೆಯೇ. ಆದರೆ ಅದು ಸೆಲ್ಲಿನ ಅಂಕಿ, ಒಲೆಯದಲ್ಲ. ಪುಟ್ಟ ಯಂತ್ರದಲ್ಲಿ ಕಾವು ಸೋರಿಹೋಗುವುದು ಬಿಸಿ ಹೊಗೆಯ ಜೊತೆ, ಅಂಚುಗಳಿಂದ, ಕಾದ ಭಾಗವನ್ನು ಹಿಡಿದಿರುವ ಆಸರೆಗಳಿಂದ. ಹೊಗೆಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸಬೇಕು. ಸೆಲ್ಲನ್ನು ತಣ್ಣಗಿಡಬೇಕು. ಸಾವಿರಾರು ಗಂಟೆ ಕಾದರೂ ಬಿರುಕು ಬಿಡದ ಬೆಸುಗೆ ಬೇಕು. ಇವನ್ನೆಲ್ಲ ವರ್ಷಗಟ್ಟಲೆ ಕೂತು ಸರಿ ಮಾಡುವವರಿಗೆ ಹಣವೂ ಇಲ್ಲ, ಹೆಸರೂ ಇಲ್ಲ. ಎಲ್ಲರಿಗೂ ರೆಕಾರ್ಡ್ ಬೇಕು, ಬೆಸುಗೆ ಯಾರಿಗೂ ಬೇಡ. ಹೊಸ ಸಂಶೋಧನೆ ಅಂದರೆ ಒಂದು ಅಂಕಿ ಮಾತ್ರ ಅಂತ ನಾವು ಪತ್ರಿಕೆಯವರೆಲ್ಲ ಸೇರಿ ಓದುಗರಿಗೆ ಕಲಿಸಿಬಿಟ್ಟಿದ್ದೇವೆ. ದೊಡ್ಡ ವಿದ್ಯುತ್ ಸ್ಥಾವರವನ್ನು ಅಳೆಯುವ ಕೋಲಿನಿಂದಲೇ ಅಂಗೈಯಗಲದ ಯಂತ್ರವನ್ನೂ ಅಳೆದು ಇದು ದಂಡ ಅನ್ನುವುದು ನನಗಂತೂ ಅನ್ಯಾಯ ಅನಿಸುತ್ತದೆ.

ಹತ್ತು ದಿನ, ದಿನವಿಡೀ 10 ವ್ಯಾಟ್ ಬೇಕು ಅಂತಿಟ್ಟುಕೊಂಡು ಬ್ಯಾಟರಿ ಎಷ್ಟು ಕೆಜಿ, ಗ್ಯಾಸ್ ಎಷ್ಟು ಕೆಜಿ ಅಂತ ಲೆಕ್ಕ ಹಾಕಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.