ಅಂಗಳದ ಮಳೆನೀರು: ಎಲ್ಲಿ ಇಂಗಿಸಬೇಕು, ಎಲ್ಲಿ ಇಂಗಿಸಬಾರದು?

ಪ್ರಶ್ನೆ: ಮನೆ ಮುಂದೆ 20×20 ಅಡಿ ಹುಲ್ಲುಹಾಸು ಇದೆ. ಬೇಸಿಗೆಯಲ್ಲಿ ಅದಕ್ಕೆ ಟ್ಯಾಂಕರ್ ನೀರು ಉಣಿಸುತ್ತೇವೆ. ಮಳೆಗಾಲದಲ್ಲಿ ತಾರಸಿ ನೀರು ರಸ್ತೆ ಪಾಲು. ಹುಲ್ಲು ತೆಗೆದು ಅಲ್ಲೇ ನೀರು ಇಂಗಿಸಬಹುದೇ? ಸೊಳ್ಳೆ ಕಾಟ ಹೆಚ್ಚುವುದಿಲ್ಲವೇ? ತಾರಸಿ 1,200 ಚದರ ಅಡಿ, ಅದರ ಅರ್ಧ ನೀರು ಮುಂದಿನ ಪೈಪಿಗೆ ಬರುತ್ತದೆ. – ಬೆಂಗಳೂರಿನ ಓದುಗರು

ಉತ್ತರ: ಧಾರಾಳವಾಗಿ ತೆಗೆಯಿರಿ. 400 ಚದರ ಅಡಿ ಅಂದರೆ ಸುಮಾರು 37 ಚದರ ಮೀಟರ್. ಬಿರುಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಲು ಚದರ ಮೀಟರಿಗೆ ದಿನಕ್ಕೆ 4–5 ಲೀಟರ್ ಬೇಕು. ನಾಲ್ಕು ತಿಂಗಳಿಗೆ 18,000ದಿಂದ 22,000 ಲೀಟರ್. ನಡೆದಾಡಲು, ಮಕ್ಕಳು ಆಡಲು ಅಲ್ಲದಿದ್ದರೆ ಇಷ್ಟು ನೀರು ಬರೀ ನೋಟಕ್ಕೆ ಖರ್ಚು.

ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮ ಅರ್ಧ ತಾರಸಿ 55 ಚದರ ಮೀಟರ್, 40 ಮಿ.ಮೀ. ಮಳೆಗೆ 2,200 ಲೀಟರ್. ಮನೆ ಪಾಯದಿಂದ 10 ಅಡಿ, ಮೂರು ಬದಿಯ ಕಾಂಪೌಂಡಿನಿಂದ 3 ಅಡಿ ಬಿಟ್ಟರೆ ನಿಮಗೆ 7×14 ಅಡಿಯ ಜಾಗ ಉಳಿಯುತ್ತದೆ. ಅಲ್ಲಿ 20 ಸೆಂ.ಮೀ. ತಗ್ಗಿನ ಪಾತಿ ಮಾಡಿದರೆ, ಅಂಚಿನ ಇಳಿಜಾರನ್ನೂ ಹೆಚ್ಚುವರಿ ನೀರಿನ ಪೈಪಿಗಾಗಿ ಮೇಲೆ ಬಿಡುವ ಎರಡಿಂಚನ್ನೂ ಕಳೆದು, ಸುಮಾರು 1,000 ಲೀಟರ್ ಹಿಡಿಯುತ್ತದೆ. ಉಳಿದದ್ದರಲ್ಲಿ ಒಂದಷ್ಟು ಮಳೆ ಸುರಿಯುವಾಗಲೇ ಇಂಗುತ್ತದೆ, ಮಿಕ್ಕಿದ್ದು ಹೊರಗೆ ಹೋಗಲಿ.

ಗುದ್ದಲಿ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿ ಗಂಟೆ ನೋಡಿ. ಗಂಟೆಗೆ ಒಂದಿಂಚಾದರೂ ಇಳಿದರೆ ಪಾತಿ ಮಾಡಬಹುದು. ಅರ್ಧ ಇಂಚೂ ಇಳಿಯದಿದ್ದರೆ ಅಲ್ಲಿ ಪಾತಿ ಬೇಡ, ಮೇಲಿನ ಗಟ್ಟಿ ಮಣ್ಣು ದಾಟಿ ಆಳಕ್ಕೆ ನೀರಿಳಿಸುವ ಇಂಗುಬಾವಿಯೇ ಸರಿ. ಎರಡನೇ ಸಲದ ಅಳತೆಯನ್ನೇ ನಂಬಿ. ಒಣ ಮಣ್ಣು ಮೊದಲ ಸಲ ಎಲ್ಲವನ್ನೂ ಕುಡಿದುಬಿಡುತ್ತದೆ.

45 ಸೆಂ.ಮೀ. ಅಗೆದು, ತಳವನ್ನು ಗಡಾರಿಯಿಂದ ಸಡಿಲಿಸಿ. ಅಗೆದ ಕೆಮ್ಮಣ್ಣು ಎರಡು ಪಾಲು, ದಪ್ಪ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು ಕಲಸಿ 25 ಸೆಂ.ಮೀ. ತುಂಬಿ, ಮೇಲೆ 20 ಸೆಂ.ಮೀ. ಖಾಲಿ ಬಿಡಿ. ಗಾರೆಗೆ ಬಳಸುವ ನುಣ್ಣನೆ ಪಿ-ಸ್ಯಾಂಡ್ ತಂದರೆ ಮಣ್ಣಿನ ಸಂದು ಮುಚ್ಚಿ ಕೆಲಸ ಕೆಡುತ್ತದೆ. ಪೈಪಿನ ನೀರು ಬೀಳುವ ಜಾಗಕ್ಕೆ ಮುಷ್ಟಿ ಗಾತ್ರದ ಕಲ್ಲು ಹಾಸಿ, ಇಲ್ಲವಾದರೆ ಮೊದಲ ಜೋರು ಮಳೆಗೇ ಕೊರಕಲು ಬೀಳುತ್ತದೆ. ಪಾತಿಯ ಅಂಚಿಗಿಂತ ಎರಡಿಂಚು ಕೆಳಗೆ 4 ಇಂಚಿನ ಪೈಪಿಟ್ಟು ಹೆಚ್ಚುವರಿ ನೀರನ್ನು ಚರಂಡಿಗೆ ಕೊಡಿ. ಮೊದಲ ಮಳೆಯ ಕೊಳೆ ಬೇರ್ಪಡಿಸುವ ಸಾಧನ ನೆಲದೊಳಗಿನ ನೀರಿನ ತೊಟ್ಟಿಗೆ (ಸಂಪ್), ಬಾವಿಗೆ ಬೇಕು. ಪಾತಿಗೆ ತರಗೆಲೆ ತಡೆಯುವ ಜಾಲರಿ ಸಾಕು.

ಇಂಥ ಪಾತಿ ಕೆಡುವುದು ಹೆಚ್ಚಾಗಿ ಮೇಸ್ತ್ರಿಯ ಶಿಸ್ತಿನಿಂದ. ತಳ ಚೊಕ್ಕವಾಗಿರಲೆಂದು ದಿಮ್ಮಸ್ಸು ಹೊಡೆಯುತ್ತಾರೆ, ಮಿಕ್ಕ ಸಿಮೆಂಟ್ ನೀರನ್ನು ಅಲ್ಲೇ ಚೆಲ್ಲುತ್ತಾರೆ. ಎದುರಿಗೇ ನಿಂತು ಕೆಲಸ ಮಾಡಿಸಿ.

ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಒಂದು ವಾರ ಬೇಕು. ನಿಮ್ಮ ಪಾತಿಯ ನೀರು 24 ಗಂಟೆಯೊಳಗೆ ಇಂಗಿರಬೇಕು. ಕುಂಡದ ಕೆಳಗಿನ ತಟ್ಟೆಗಳನ್ನು ಮೊದಲು ನೋಡಿ, ಸೊಳ್ಳೆ ಹುಟ್ಟುವುದು ಅಲ್ಲಿ.

ಈ ಪಾತಿ ವರ್ಷದ ಹೆಚ್ಚು ದಿನ ಒಣಗಿಯೇ ಇರುತ್ತದೆ. ಹಾಗಾಗಿ ನೀರನ್ನೂ ಬರವನ್ನೂ ತಾಳುವ ಲಾವಂಚ, ಕಾಬಾಳೆ ತಳಕ್ಕೆ; ಇಳಿಜಾರಿಗೆ ನಿಂಬೆಹುಲ್ಲು; ಅಂಚಿಗೆ ಗೋರಟೆ, ಕೇಪಳ, ದಾಸವಾಳ. ಬಜೆ ಮಳೆಗಾಲದಲ್ಲಿ ಸೊಗಸಾಗಿ ಬಂದರೂ ಮಾರ್ಚಿಗೆ ಸೊರಗುತ್ತದೆ. ತುಳಸಿಯನ್ನು ತಗ್ಗಿನಲ್ಲಿ ನೆಟ್ಟರೆ ಬೇರು ಕೊಳೆಯುತ್ತದೆ.

ಪ್ರಶ್ನೆ: ನಮ್ಮದು ಎರೆಮಣ್ಣು. ಅಂಗಳಕ್ಕೆ ಹಾಕಿಸಿದ ಇಂಟರ್‌ಲಾಕ್ ಕಲ್ಲು ಎರಡೇ ವರ್ಷದಲ್ಲಿ ಏರುಪೇರಾಗಿದೆ. ನಾವೂ ಇಂಗುಗುಂಡಿ ಮಾಡಬೇಕೆ? – ಧಾರವಾಡದ ಓದುಗರು

ಉತ್ತರ: ಮನೆ ಹತ್ತಿರ ಬೇಡವೇ ಬೇಡ. ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಪಾಯದ ಒಂದು ಮಗ್ಗುಲು ಮಾತ್ರ ನೆನೆದರೆ ಗೋಡೆ ಸೀಳುತ್ತದೆ. ನಿಮಗೆ ಇಂಗಿಸುವುದಕ್ಕಿಂತ ತೊಟ್ಟಿಯಲ್ಲಿ ಕೂಡಿಡುವುದೇ ಲೇಸು.

ಕಲ್ಲುಗಳನ್ನು ಎತ್ತಿಸಿ. ಒಂದರಿಂದ ಒಂದೂವರೆ ಅಡಿ ಎರೆ ತೆಗೆದು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿಸಿ. ಒಮ್ಮೆಗೇ ಅಲ್ಲ, ನಾಲ್ಕು ನಾಲ್ಕಿಂಚಿಗೆ ನೀರು ಚಿಮುಕಿಸಿ ದಿಮ್ಮಸ್ಸು. ಮೇಲೆ ಒಂದೂವರೆ ಇಂಚು ದಪ್ಪ ಮರಳು, ಅದರ ಮೇಲೆ ಕಲ್ಲು. ಸಂದಿಗೂ ಮರಳೇ, ಸಿಮೆಂಟ್ ಬೇಡ. ಅಡಿಗೆ ಕಾಲು ಇಂಚಿನಂತೆ ಮನೆಯಿಂದ ಹೊರಕ್ಕೆ ಇಳಿಜಾರಿರಲಿ. ಆಲ, ಅರಳಿಯಂಥ ಮರ ಗೋಡೆಯ ಬಳಿ ಇದ್ದರೆ ಅದು ಬೇಸಿಗೆಯಲ್ಲಿ ಅಡಿಪಾಯದ ಮಣ್ಣಿನ ತೇವ ಹೀರಿ ಬಿರುಕು ಹೆಚ್ಚಿಸುತ್ತದೆ. ಮರ ಬೆಳೆದಾಗ ಎಷ್ಟೆತ್ತರ ಆಗುವುದೋ ಅಷ್ಟು ದೂರ ನೆಡಿ. ಎರೆಯಲ್ಲಿ ನೀರು ನಿಲ್ಲುವುದರಿಂದ ನುಗ್ಗೆಗೆ ಒಂದೂವರೆ ಅಡಿ ದಿಬ್ಬ ಬೇಕು. ಗಿಡದ ಬುಡಕ್ಕೆ 3–4 ಇಂಚು ರವದಿ (ಕಬ್ಬಿನ ಒಣ ಎಲೆ) ಅಥವಾ ಜೋಳದ ದಂಟಿನ ಚೂರು ಹೊದಿಸಿ, ಕಾಂಡಕ್ಕೆ ತಾಗದಿರಲಿ.

ಪ್ರಶ್ನೆ: ಮನೆ ಹಿಂದೆ ಗುಡ್ಡ ಕಡಿದ ಬರೆ ಇದೆ. ಮಳೆಗಾಲದಲ್ಲಿ ಮಣ್ಣು ಜಾರುತ್ತದೆ. ಲಾವಂಚ ನೆಟ್ಟು, ಮೇಲೆ ಇಂಗುಗುಂಡಿ ತೋಡಬಹುದೇ? – ಪುತ್ತೂರಿನ ಓದುಗರು

ಉತ್ತರ: ಲಾವಂಚ ಸರಿ, ಇಂಗುಗುಂಡಿ ಅಪಾಯ. ಕಡಿದ ಬರೆಯ ನೆತ್ತಿಯಲ್ಲಿ ನೀರು ಇಂಗಿದರೆ ಮಣ್ಣು ಭಾರವಾಗಿ ಒಳಗಿಂದಲೇ ಜಾರುತ್ತದೆ. ಅಲ್ಲಿ ಬೇಕಾದದ್ದು ತದ್ವಿರುದ್ಧ: ಅಂಚಿನಿಂದ ಹಿಂದೆ ಸರಿದು, ತಳ ಗಟ್ಟಿ ಮಾಡಿದ ತೋಡೊಂದನ್ನು ತೆಗೆದು, ಮೇಲಿನ ನೀರನ್ನು ಬದಿಗೆ ಸಾಗಿಸುವುದು.

ಲಾವಂಚದ ಬೇರು ಒಳ್ಳೆಯ ಮಣ್ಣಿನಲ್ಲಿ 2–3 ಮೀಟರ್ ಇಳಿಯುತ್ತದೆ. ಜೂನ್ ಮೊದಲ ಮಳೆಗೆ ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯ ಸಾಲಿನಲ್ಲಿ 10–15 ಸೆಂ.ಮೀ.ಗೊಂದು ಬುಡ ನೆಡಿ. ಬುಡಗಳ ನಡುವೆ ಸಂದಿ ಉಳಿದರೆ ನೀರು ಅಲ್ಲೇ ನುಗ್ಗುತ್ತದೆ. ಸತ್ತ ಬುಡದ ಜಾಗಕ್ಕೆ ಕೂಡಲೇ ಹೊಸದು ಹಾಕಿ. ನೆರಳಿನಲ್ಲಿ ಇದು ಬಾರದು. ಬರೆ ಕಡಿದಾಗಿ ಹತ್ತಡಿಗಿಂತ ಎತ್ತರವಿದ್ದರೆ ಗಿಡಕ್ಕೆ ಬಿಡಬೇಡಿ, ಎಂಜಿನಿಯರಿಗೆ ತೋರಿಸಿ.

ಪ್ರಶ್ನೆ: ವಾಷಿಂಗ್ ಮಷಿನ್ ನೀರು ಗಿಡಕ್ಕೆ ಹಾಕಬಹುದೇ? – ಮೈಸೂರಿನ ಓದುಗರು

ಉತ್ತರ: ಕೊನೆಯ ಜಾಲಾಟದ ನೀರಾದರೆ ಹಾಕಬಹುದು. ಮೊದಲ ನೀರಿನಲ್ಲಿ ಸೋಡಿಯಂ ಹೆಚ್ಚು. ಮಣ್ಣು ಹೆಪ್ಪುಗಟ್ಟಿ ಎಲೆಯಂಚು ಸುಡುತ್ತದೆ. ಬಾಳೆ, ಕಾಬಾಳೆ ತಾಳುತ್ತವೆ, ಸೊಪ್ಪು ತರಕಾರಿಗೆ ಬೇಡ. ಡ್ರಮ್ಮಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಇಟ್ಟರೆ ನಾರುತ್ತದೆ.