ಮಡಿಕೇರಿ ದಶಮಂಟಪ: ಕಾರಲ್ಲಿ ಬರೋದಾ, ಬಸ್ಸಲ್ಲಾ?

ಮೈಸೂರಿಂದ ಅಮ್ಮ, ಮಗಳ ಜೊತೆ ವಿಜಯದಶಮಿ ರಾತ್ರಿ ದಶಮಂಟಪ (ಟ್ರ್ಯಾಕ್ಟರ್ ಮೇಲೆ ದೇವರು-ರಾಕ್ಷಸರ ಬೊಂಬೆಗಳಿಂದ ಕಥೆ ತೋರಿಸೋ ಹತ್ತು ಮಂಟಪಗಳ ಮೆರವಣಿಗೆ) ನೋಡೋಕೆ ಬರ್ತೀವಿ, ಕಾರು ತರಬಹುದಾ ಅಂತ ಕೇಳಿದ್ದೀರಿ. ತನ್ನಿ, ಆದರೆ ಪೇಟೆಯೊಳಗೆ ತರಬೇಡಿ. ಮಡಿಕೇರಿ ರಸ್ತೆಗಳು ಮೊದಲೇ ಕಿರಿದು. ಮಧ್ಯಾಹ್ನವೇ ತಲುಪಿ, ಕುಶಾಲನಗರ ರಸ್ತೆ ಕಡೆಯೇ ಎಲ್ಲಾದರೂ ನಿಲ್ಲಿಸಿ. ಮುಖ್ಯ ಅಂದ್ರೆ ಕಾರಿನ ಮೂತಿ ಮೈಸೂರಿಗೆ ವಾಪಸ್ ಹೋಗೋ ದಿಕ್ಕಿಗೇ ಇರಲಿ.

ಬಸ್ಸು ಇದ್ದೇ ಇರುತ್ತೆ, ಆದರೆ ರಾತ್ರಿ ಅಮ್ಮನಿಗೆ ಸೀಟು ಸಿಗೋದು ಕಷ್ಟ. ಕೊಡಗಿಗೆ ರೈಲಂತೂ ಇಲ್ಲವಲ್ಲ! ರೂಮು ಸಿಕ್ಕರೆ ಉಳಿದುಬಿಡಿ. ಇಲ್ಲಿ ಸಿಗದಿದ್ದರೆ 30 ಕಿಲೋಮೀಟರ್ ದೂರದ ಕುಶಾಲನಗರದಲ್ಲಿ ನೋಡಿ.

ಹತ್ತು ಮಂಟಪ ಬೆಳಗಿನ ಜಾವದವರೆಗೂ ಸಾಗುತ್ತವೆ. ಎಲ್ಲವನ್ನೂ ನೋಡ್ತೀನಿ ಅಂತ ಹಟ ಬೇಡ. ಇಳಿಜಾರು ರಸ್ತೆಯಲ್ಲಿ ಜನ ಹಿಂದಿನಿಂದ ತಳ್ಳುತ್ತಾರೆ, ಅಲ್ಲಿ ನಿಲ್ಲಬೇಡಿ. ಸಮತಟ್ಟಾದ ಕಡೆ, ಅಂಗಡಿ ಜಗಲಿ ಪಕ್ಕ ಜಾಗ ಹಿಡಿಯಿರಿ. ಟ್ರ್ಯಾಕ್ಟರ್ ಮೇಲಿನ ರಾಕ್ಷಸ ಕೈಯೆತ್ತಿ ಘರ್ಜಿಸುವಾಗ ಹೊಗೆ, ಲೈಟು, ಎದೆ ನಡುಗಿಸೋ ಸೌಂಡು. ಮಗಳ ಕಿವಿಗೆ ಹತ್ತಿ ಇಡಿ. ಅವಳ ಜೇಬಲ್ಲಿ ನಿಮ್ಮ ನಂಬರ್ ಬರೆದ ಚೀಟಿಯೂ ಇರಲಿ. ಜನ ಜಾಸ್ತಿಯಾದರೆ ಮೊಬೈಲ್ ಕೈಕೊಡಬಹುದು.

ಸ್ವೆಟರ್ ತನ್ನಿ, ಕೊಡೆಯನ್ನೂ. ಅಕ್ಟೋಬರ್ ಆದ್ರೂ ಇಲ್ಲಿನ ಮಳೆಯನ್ನ ನಂಬೋಕಾಗಲ್ಲ.