ಆಫರ್ ಲೆಟರ್ ಬಂತು, ವೀಸಾ ಯಾರ ತಲೆನೋವು?

ಪ್ರಶ್ನೆ: ಸರ್, ನಾನು ಶಿವಮೊಗ್ಗದವಳು. ಬೆಂಗಳೂರಿನಲ್ಲಿ ಪಿಎಚ್.ಡಿ. ಮುಗಿಸಿ ಈಗ ಜರ್ಮನಿಯಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ. ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿಯಿಂದ ಅಸಿಸ್ಟೆಂಟ್ ಪ್ರೊಫೆಸರ್ ಕೆಲಸಕ್ಕೆ ಆಫರ್ ಬಂದಿದೆ. ಟೆನ್ಯೂರ್ ಟ್ರ್ಯಾಕ್ (ಮುಂದೆ ಕಾಯಂ ಆಗಬಹುದಾದ ಹುದ್ದೆ), ಆಗಸ್ಟ್‌ನಲ್ಲಿ ಸೇರಬೇಕು. ವೀಸಾ ಬಗ್ಗೆ ಪತ್ರದಲ್ಲಿ ‘ಕೆಲಸ ಮಾಡಲು ಅನುಮತಿ ಇದ್ದಲ್ಲಿ’ ಎಂದಷ್ಟೇ ಇದೆ. ವಿಭಾಗದ ಮುಖ್ಯಸ್ಥರನ್ನು ಕೇಳಿದರೆ ‘ಅದೆಲ್ಲ ಆಗುತ್ತೆ, ಯೋಚನೆ ಮಾಡಬೇಡಿ’ ಅನ್ನುತ್ತಾರೆ. ಈ ವರ್ಷದ ಎಚ್-1ಬಿ (ಪರಿಣತರ ಕೆಲಸದ ವೀಸಾ) ಲಾಟರಿ ಮುಗಿದೇ ಹೋಯಿತಲ್ಲ? ಗಂಡ ಸಾಫ್ಟ್‌ವೇರ್‌ನಲ್ಲಿದ್ದಾರೆ. ಸಹಿ ಹಾಕಲೇ?
– ಹೆಸರು ಬೇಡ

ಉತ್ತರ: ಮೊದಲು ಅಭಿನಂದನೆ ತಾಯಿ. ಲಾಟರಿ ಚಿಂತೆ ಬಿಡಿ. ವರ್ಷಕ್ಕೆ 65,000 ಹೊಸ ಎಚ್-1ಬಿ, ಅಮೆರಿಕದಲ್ಲಿ ಸ್ನಾತಕೋತ್ತರ ಓದಿದವರಿಗೆ ಅದರ ಮೇಲೆ 20,000 ಅನ್ನುವ ಮಿತಿ ಕಂಪನಿಗಳಿಗೆ. ಯೂನಿವರ್ಸಿಟಿಗಳನ್ನು 2000ದ ಕಾನೂನಿನಲ್ಲೇ ಅದರಿಂದ ಹೊರಗಿಟ್ಟಿದ್ದಾರೆ. ಅವರು ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ಸೇರುವ ದಿನಕ್ಕೆ ಆರು ತಿಂಗಳಿಗಿಂತ ಮೊದಲು ಹಾಕುವಂತಿಲ್ಲ, ಅಷ್ಟೇ.

ನಿಮ್ಮ ತಲೆನೋವು ಬೇರೆ. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಒಂದು ಆದೇಶ ಹೊರಡಿಸಿದರು. ದೇಶದ ಹೊರಗಿರುವವರಿಗೆ ಹೊಸದಾಗಿ ಎಚ್-1ಬಿ ಕೇಳಿದರೆ ಉದ್ಯೋಗದಾತ 1 ಲಕ್ಷ ಡಾಲರ್ ಕಟ್ಟಬೇಕು. ಯೂನಿವರ್ಸಿಟಿಗಳಿಗೆ ರಿಯಾಯಿತಿ ಇಲ್ಲ. ದೇಶದ ಒಳಗಿದ್ದುಕೊಂಡೇ ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಬದಲಾಗುವವರಿಗೆ ಇದು ತಾಗುವುದಿಲ್ಲ ಎಂದು ಅಕ್ಟೋಬರ್‌ನಲ್ಲಿ ವಲಸೆ ಇಲಾಖೆ ಸ್ಪಷ್ಟಪಡಿಸಿತು. ನಿಮ್ಮ ಮುಖ್ಯಸ್ಥರು ಸುಳ್ಳು ಹೇಳುತ್ತಿಲ್ಲ. ಬಹುಶಃ ಅವರು ಇದುವರೆಗೆ ತೆಗೆದುಕೊಂಡವರೆಲ್ಲ ಅಮೆರಿಕದಲ್ಲೇ ಓದಿ ಅಲ್ಲೇ ಇದ್ದವರು. ಅವರಿಗೆ ‘ಆಗುತ್ತೆ’ ಅನ್ನುವುದೇ ಅನುಭವ. ಜರ್ಮನಿಯಲ್ಲಿ ಕೂತಿರುವ ನಿಮ್ಮ ಲೆಕ್ಕ ಬೇರೆ. ಆದೇಶ 12 ತಿಂಗಳ ಮಟ್ಟಿಗೆ ಹೊರಟದ್ದು, ಬೇಕಾದರೆ ಮುಂದುವರಿಸಬಹುದು. ಅದರ ವಿರುದ್ಧ ಕೋರ್ಟುಗಳಲ್ಲಿ ಕೇಸೂ ಬಿದ್ದಿವೆ. ಅರ್ಜಿ ಹಾಕುವ ದಿನ ಏನು ಜಾರಿಯಲ್ಲಿದೆ ಅನ್ನುವುದೇ ಲೆಕ್ಕಕ್ಕೆ ಬರುವುದು.

ಸ್ಪಾನ್ಸರ್ ಮಾಡುವುದು ಮುಖ್ಯಸ್ಥರಲ್ಲ, ಯೂನಿವರ್ಸಿಟಿ. ಅದರ ಕಡೆಯಿಂದ ಸಹಿ ಮಾಡುವವರು ಸಾಮಾನ್ಯವಾಗಿ ಇಂಟರ್‌ನ್ಯಾಷನಲ್ ಆಫೀಸಿನಲ್ಲೋ ಎಚ್‌ಆರ್‌ನಲ್ಲೋ ಇರುತ್ತಾರೆ. ಇಲ್ಲಿ ಅಮೆರಿಕದ ಕ್ಯಾಂಪಸ್ಸಿನಲ್ಲಿ ನೇಮಕಾತಿ ಸಮಿತಿಗಳಲ್ಲಿ ಕೂತು ಕೂತು ಹೇಳುತ್ತಿದ್ದೇನೆ, ಪ್ರೊಫೆಸರುಗಳಿಗೆ ಈ ಕಾಗದದ ವಿಚಾರ ಏನೇನೂ ಗೊತ್ತಿರುವುದಿಲ್ಲ. ಹಾಗಾಗಿ ಸಹಿಗೆ ಮುಂಚೆ ಆ ಆಫೀಸಿಗೇ ಒಂದು ಮೇಲ್ ಹಾಕಿ, ಮುಖ್ಯಸ್ಥರಿಗೆ ಕಾಪಿ ಇಡಿ. ಇಷ್ಟೇ ಸಾಕು: ‘ನಾನು ಅಮೆರಿಕದ ಹೊರಗಿದ್ದೇನೆ, ನನ್ನ ಬಳಿ ಎಚ್-1ಬಿ ಇಲ್ಲ. ನನಗೆ ಯಾವ ವೀಸಾಕ್ಕೆ ಅರ್ಜಿ ಹಾಕುತ್ತೀರಿ? ಆ 1 ಲಕ್ಷ ಡಾಲರ್ ಕಟ್ಟಬೇಕಾಗಿ ಬಂದರೆ ಕಟ್ಟುತ್ತೀರಾ? ಆಗಸ್ಟ್ ಒಳಗೆ ಆಗದಿದ್ದರೆ ಜನವರಿಗೆ ಸೇರಬಹುದಾ?’ ಉತ್ತರ ಬರವಣಿಗೆಯಲ್ಲೇ ಬರಲಿ. ಫೋನಿನಲ್ಲಿ ಹೇಳಿದ್ದು ಸೆಮಿಸ್ಟರ್ ಶುರುವಾಗುವಾಗ ಯಾರಿಗೂ ನೆನಪಿರುವುದಿಲ್ಲ. ಸ್ಟೇಟ್ ಯೂನಿವರ್ಸಿಟಿ ಅಂದಿರಿ, ಯಾವ ರಾಜ್ಯ? ಟೆಕ್ಸಾಸ್ ಆಗಿದ್ದರೆ ಇನ್ನೂ ಹುಷಾರು. 2026ರ ಜನವರಿಯಲ್ಲಿ ಅಲ್ಲಿನ ಗವರ್ನರ್ ಸರ್ಕಾರಿ ಯೂನಿವರ್ಸಿಟಿಗಳ ಹೊಸ ಎಚ್-1ಬಿ ಅರ್ಜಿಗಳಿಗೆ ತಡೆ ಹಾಕಿದ್ದಾರೆ.

‘ಸದ್ಯಕ್ಕೆ ಜೆ-1ನಲ್ಲಿ ಬನ್ನಿ’ ಅಂತ ಯಾರಾದರೂ ಅಂದರೆ ತಕ್ಷಣ ಹೂಂ ಅನ್ನಬೇಡಿ. ಅದು ವಿನಿಮಯ ಕಾರ್ಯಕ್ರಮದ ವೀಸಾ. ಜೆ-1ನ ಪ್ರೊಫೆಸರ್ ವರ್ಗವನ್ನು ಟೆನ್ಯೂರ್ ಟ್ರ್ಯಾಕ್ ಹುದ್ದೆಗೆ ಬಳಸುವ ಹಾಗಿಲ್ಲ. ನಿಮ್ಮ ಪ್ರಕಟಣೆಗಳು, ಪ್ರಶಸ್ತಿಗಳು ಗಟ್ಟಿಯಾಗಿದ್ದರೆ ಓ-1 (ಅಸಾಧಾರಣ ಪ್ರತಿಭೆಯವರ ವೀಸಾ) ಆಗುತ್ತದಾ ನೋಡಿ ಎಂದು ಅವರ ವಕೀಲರನ್ನು ಕೇಳಿ. ಈ 1 ಲಕ್ಷದ ಆದೇಶ ಓ-1ಗೆ ಅನ್ವಯಿಸುವುದಿಲ್ಲ.

ಖರ್ಚಿನ ಮಾತು. ಎಚ್-1ಬಿ ಅರ್ಜಿಯ ಫೀ, ವಕೀಲರ ಫೀ, 500 ಡಾಲರಿನ ಫ್ರಾಡ್ ಫೀ (ವಂಚನೆ ತಡೆಯ ಶುಲ್ಕ) ಎಲ್ಲ ಯೂನಿವರ್ಸಿಟಿಯದೇ. ನಿಮ್ಮ ಸಂಬಳದಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಗಂಡನ ಎಚ್-4 (ಎಚ್-1ಬಿಯವರ ಸಂಗಾತಿಯ ವೀಸಾ) ಖರ್ಚು ಮಾತ್ರ ನಿಮ್ಮದು. ಅರ್ಜಿಗೆ ಮುಂಚೆ ಕಾರ್ಮಿಕ ಇಲಾಖೆಗೆ ಒಂದು ಫಾರಂ ಹೋಗುತ್ತದೆ. ಅದರ ನೋಟಿಸನ್ನು ನೀವು ಕೆಲಸ ಮಾಡುವ ಕಟ್ಟಡದಲ್ಲಿ ಎರಡು ಕಡೆ ಹಚ್ಚುವುದು ವಾಡಿಕೆ. ನಮ್ಮ ಕಾರಿಡಾರಿನಲ್ಲಿ ಕಾಫಿ ಮೆಷಿನ್ ಪಕ್ಕದ ಬೋರ್ಡಿಗೆ ಚುಚ್ಚಿರುತ್ತಾರೆ. ಹೆಸರು ಇರುವುದಿಲ್ಲ, ಆದರೆ ಹುದ್ದೆ ಮತ್ತು ಸಂಬಳ ಇರುತ್ತದೆ. ಹೊಸಬರು ಒಬ್ಬರೇ ಇದ್ದಾಗ ಅದು ಯಾರದ್ದು ಅಂತ ಕೇಳಬೇಕಾ? ನಾಚಿಕೊಳ್ಳಬೇಡಿ, ಎಲ್ಲರದ್ದೂ ಹಾಗೇ ಆಗಿದೆ.

ಈಗ ಯಾರೂ ನಿಮಗೆ ಹೇಳದ ಒಂದು ವಿಷಯ. ಗ್ರೀನ್ ಕಾರ್ಡ್. ಪಾಠ ಮಾಡುವ ಹುದ್ದೆಗೆ ಒಂದು ವಿಶೇಷ ದಾರಿ ಇದೆ. ಬೇರೆ ಕೆಲಸಗಳಲ್ಲಿ ಕನಿಷ್ಠ ಅರ್ಹತೆಯ ಅಮೆರಿಕನ್ ಒಬ್ಬರು ಸಿಕ್ಕಿದರೂ ಅರ್ಜಿ ಬಿದ್ದುಹೋಗುತ್ತದೆ. ಇಲ್ಲಿ ಹುದ್ದೆಗೆ ಅರ್ಜಿ ಹಾಕಿದವರಲ್ಲೆಲ್ಲ ನೀವೇ ಹೆಚ್ಚು ಅರ್ಹರು ಎಂದು ತೋರಿಸಿದರೆ ಸಾಕು. ಆದರೆ ಅದಕ್ಕೆ 18 ತಿಂಗಳ ಗಡುವು. ನೀವು ಕೆಲಸಕ್ಕೆ ಸೇರಿದ ದಿನದಿಂದ ಅಲ್ಲ, ನಿಮ್ಮನ್ನು ಆಯ್ಕೆ ಮಾಡಿದ ದಿನದಿಂದ! ಆಗಸ್ಟ್‌ಗೆ ಕಾಲಿಡುವಾಗಲೇ ಅದರಲ್ಲಿ ಕೆಲವು ತಿಂಗಳು ಹೋಗಿರುತ್ತವೆ. ಹುದ್ದೆಯ ಜಾಹೀರಾತು ರಾಷ್ಟ್ರಮಟ್ಟದ ವೃತ್ತಿ ಪತ್ರಿಕೆಯಲ್ಲಿ ಬಂದಿರಲೇಬೇಕು, ಅದರ ಪುರಾವೆ ಎತ್ತಿಟ್ಟಿದ್ದೀರಾ ಅಂತ ಈಗಲೇ ಕೇಳಿ. ಗಡುವು ತಪ್ಪಿದರೆ ಹುದ್ದೆಗೆ ಮತ್ತೆ ಜಾಹೀರಾತು ಕೊಟ್ಟು, ಮತ್ತೆ ಆಯ್ಕೆ ಮಾಡಬೇಕು. ‘ಮೂರು ವರ್ಷ ಆಗಲಿ, ನೋಡೋಣ’ ಅನ್ನುವ ಯೂನಿವರ್ಸಿಟಿಗಳಿವೆ. ಭಾರತದವರ ಸಾಲು ಹತ್ತು ವರ್ಷಕ್ಕಿಂತ ಜಾಸ್ತಿ ಉದ್ದ ಇರುವಾಗ ಆ ಮೂರು ವರ್ಷ ಸುಮ್ನೆ ಕಳೆದುಕೊಳ್ಳಬಾರದು. ಗಂಡನ ಕೆಲಸವೂ ಇದಕ್ಕೇ ಅಂಟಿಕೊಂಡಿದೆ. ಎಚ್-4ನಲ್ಲಿ ಬಂದವರು ದುಡಿಯಬೇಕಾದರೆ, ಸಾಮಾನ್ಯವಾಗಿ ನಿಮಗಾಗಿ ಯೂನಿವರ್ಸಿಟಿ ಹಾಕುವ ಗ್ರೀನ್ ಕಾರ್ಡ್ ದಾರಿಯ ಐ-140 ಅರ್ಜಿ ಮಂಜೂರಾಗಿರಬೇಕು.

ಮೇಲ್‌ಗೆ ಉತ್ತರ ಬರಲಿ, ಆಮೇಲೆ ಸಹಿ. ಸಹಿಯ ಗಡುವು ಹತ್ತಿರ ಬಂದಿದ್ದರೆ ಎರಡು ವಾರ ಕೇಳಿ. ಅದು ಇಲ್ಲಿ ಮಾಮೂಲು, ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರಶ್ನೆ: ಮೇಷ್ಟ್ರೇ, ಮಗ ಅಮೆರಿಕದ ಯೂನಿವರ್ಸಿಟಿಯಲ್ಲಿ ಎಚ್-1ಬಿ ಮೇಲೆ ಪಾಠ ಮಾಡುತ್ತಾನೆ. ಕಂಪನಿಯೊಂದು ದುಪ್ಪಟ್ಟು ಸಂಬಳಕ್ಕೆ ಕರೆಯುತ್ತಿದೆ. ಎಚ್-1ಬಿ ಹೇಗೂ ಇದೆಯಲ್ಲ, ಹೋಗಬಹುದಲ್ವಾ?
– ಒಬ್ಬ ತಂದೆ, ಹಾಸನ

ಉತ್ತರ: ಅಷ್ಟು ಸುಲಭ ಇಲ್ಲ ಯಜಮಾನರೇ. ಯೂನಿವರ್ಸಿಟಿಯ ಎಚ್-1ಬಿ ಮಿತಿಯ ಲೆಕ್ಕಕ್ಕೇ ಸೇರಿಲ್ಲ. ಹಿಂದೆ ಯಾವತ್ತಾದರೂ ಕಂಪನಿ ಲೆಕ್ಕದಲ್ಲಿ ಆಯ್ಕೆ ಆಗಿರದಿದ್ದರೆ, ಮಾರ್ಚ್‌ನಲ್ಲಿ ಹೆಸರು ನೋಂದಾಯಿಸಿ ಎಲ್ಲರ ಜೊತೆ ಲಾಟರಿಯಲ್ಲಿ ನಿಲ್ಲಬೇಕು. ಯೂನಿವರ್ಸಿಟಿ ಕೆಲಸ ಬಿಡದೆ, ಜೊತೆಗೆ ಕಂಪನಿಯಲ್ಲೂ ಅರೆಕಾಲಿಕ ದುಡಿಯುವುದಾದರೆ ಕಂಪನಿ ಲಾಟರಿ ಇಲ್ಲದೆ ಎರಡನೇ ಎಚ್-1ಬಿ ಅರ್ಜಿ ಹಾಕಬಹುದು. ಆದರೆ ಆ ಅನುಮತಿ ಯೂನಿವರ್ಸಿಟಿ ಕೆಲಸದ ಮೇಲೇ ನಿಂತಿರುತ್ತದೆ. ಇದು ಬಿಟ್ಟರೆ ಅದೂ ಹೋಯಿತು. ದುಪ್ಪಟ್ಟು ಸಂಬಳದ ಆಸೆಗೆ ರಾಜೀನಾಮೆ ಪತ್ರ ಮೊದಲು ಕೊಡದಿರಲಿ.